ತಪ್ಪಣ್ಣನ ಸಾಕ್ಷಿ

ನಮ್ಮ ಆಫೀಸು ಹಾಸಿಗೆ ಅಂಗಡಿಯ ಮೇಲಿದೆ. ಕೆಳಗೆ ಗಿರಾಕಿಗಳು ಚಪ್ಪಲಿ ಕಳಚಿಟ್ಟು ಮಲಗಿ, ಹೊರಳಿ, ಹಾಸಿಗೆ ಪರೀಕ್ಷೆ ಮಾಡುತ್ತಿರುತ್ತಾರೆ. ಮೇಲೆ ನಾವು ಕೊಲೆ ಮಾಡಿಸುತ್ತಿರುತ್ತೇವೆ. ನಮ್ಮದು ವಿಡಿಯೊ ಗೇಮ್ ತಯಾರಿಸುವ ಕಂಪನಿ. ಆಟದೊಳಗಿನ ಜನರ ಬಾಯಿಗೆ ಮಾತು ಕೊಡುವುದು ನನ್ನ ಕೆಲಸ. ನನ್ನ ಪಕ್ಕದ ಮೇಜಿನವನ ಕೆಲಸ ತಪ್ಪು ಮಾಡುವುದು. ಅದಕ್ಕೇ ಅವನಿಗೆ ತಪ್ಪಣ್ಣ ಎಂದು ಹೆಸರು ಬಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಆಗ ನಾವು ಮಾಡುತ್ತಿದ್ದದ್ದು ಕೋರ್ಟಿನ ಆಟ. ಆಡುವವನೇ ಸರ್ಕಾರಿ ವಕೀಲ. ಗಡಿಯಾರ ರಿಪೇರಿ ಮಾಡುವ ಮುದುಕನೊಬ್ಬ ತನ್ನ ಅಂಗಡಿಯಲ್ಲೇ ಕೊಲೆಯಾಗಿದ್ದಾನೆ, ಅವನ ಪಾಲುದಾರ ಕಟಕಟೆಯಲ್ಲಿ ನಿಂತಿದ್ದಾನೆ. ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಕರೆದು ಕೇಳಬೇಕು, ಸುಳ್ಳು ಹೇಳಿದಲ್ಲಿ ಹಿಡಿಯಬೇಕು, ಸರಿಯಾದ ಹೊತ್ತಿಗೆ ಸರಿಯಾದ ವಸ್ತು ತೋರಿಸಿ ಅಪರಾಧ ಸಾಬೀತು ಮಾಡಬೇಕು. ತಪ್ಪಿದರೆ ನ್ಯಾಯಾಧೀಶರು ಗದರುತ್ತಾರೆ. ಮತ್ತೆ ಮತ್ತೆ ತಪ್ಪಿದರೆ ಕೇಸು ಬಿದ್ದುಹೋಗುತ್ತದೆ, ಕೊಲೆಗಾರ ಕೈ ಕೊಡವಿಕೊಂಡು ಹೊರಟುಬಿಡುತ್ತಾನೆ. ಆಡುವವನು ಬೇಕಾದರೆ ಮೊದಲಿನಿಂದ ಶುರು ಮಾಡಬಹುದು.

ತಪ್ಪಣ್ಣ ಬೆಳಗಿನಿಂದ ಸಂಜೆಯವರೆಗೆ ಇದನ್ನು ಬೇಕೆಂದೇ ತಪ್ಪಾಗಿ ಆಡುತ್ತಿದ್ದ. ರಕ್ತ ಹತ್ತಿದ ಸ್ಕ್ರೂಡ್ರೈವರನ್ನು ನ್ಯಾಯಾಧೀಶರಿಗೇ ತೋರಿಸಿ ‘ಇದು ನಿಮ್ಮದೇ?’ ಎಂದು ಕೇಳುವುದು, ಅಂಚೆಯವನ ಹತ್ತಿರ ಸತ್ತವನ ಹಲ್ಲಿನ ವಿಚಾರ ಎತ್ತುವುದು, ಯಾರೂ ಬಾಯಿ ಬಿಡುವ ಮೊದಲೇ ಆಕ್ಷೇಪಣೆ ಹಾಕುವುದು. ಲೋಕದಲ್ಲಿ ತಲೆತಿರುಕರಿಗೇನು ಕೊರತೆ, ಯಾರೋ ಒಬ್ಬರು ಮನೆಯಲ್ಲಿ ಕೂತು ಹಾಗೆ ಆಡಿಯೇ ಆಡುತ್ತಾರೆ. ಆಗ ಆಟ ತಬ್ಬಿಬ್ಬಾಗಬಾರದು. ಅವರು ಎಡವುವ ಕಡೆಯಲ್ಲೆಲ್ಲ ಇವನು ಮೊದಲೇ ಎಡವಿ ನೋಡಿಟ್ಟಿರಬೇಕು. ಅವನು ಎಡವಿದಲ್ಲೆಲ್ಲ ನಾನು ಹೊಸ ಮಾತು ಬರೆಯಬೇಕಾಗುತ್ತಿತ್ತು, ಹಾಗಾಗಿ ನನಗೆ ಅವನ ಮೇಲೆ ಸದಾ ಒಂದಿಷ್ಟು ಸಿಟ್ಟು.

ನಮ್ಮ ಕೋಣೆಗೊಂದು ಕಟ್ಟುಪಾಡಿತ್ತು. ನಾವೆಲ್ಲ ಹೆಡ್‌ಮಿಸ್ ಎಂದು ಕರೆಯುವ ನಮ್ಮ ಯಜಮಾನಿ ಹಿಂದೆ ರೈಲಿನ ಆಟವೊಂದನ್ನು ಮಾಡಿಸಿದ್ದರಂತೆ. ಅದನ್ನು ಪರೀಕ್ಷೆ ಮಾಡಿದ ಮಹಾಶಯ ‘ಇದು ಕೆಡುವ ಮಾತೇ ಇಲ್ಲ’ ಎಂದು ಬರೆದುಕೊಟ್ಟ. ಮಾರಾಟಕ್ಕೆ ಬಿಟ್ಟ ಮೊದಲ ದಿನವೇ ಸುರಂಗದೊಳಗೆ ಹೋದ ರೈಲುಗಳು ಆಚೆ ಬರಲಿಲ್ಲ. ಕಂಪನಿಯ ಮಾನ ಹರಾಜಾಯಿತು. ಅಂದಿನಿಂದ ‘ಆಗುವುದಿಲ್ಲ’, ‘ಸಾಧ್ಯವೇ ಇಲ್ಲ’, ‘ಖಂಡಿತ’ ಎಂಬ ಮಾತುಗಳು ನಮ್ಮಲ್ಲಿ ಬಹಿಷ್ಕಾರಕ್ಕೆ ಒಳಗಾದವು. ‘ನಾನು ನೋಡಿದಷ್ಟರಲ್ಲಿ ಆಗಿಲ್ಲ’ ಎನ್ನಬೇಕು. ಹೊಸದಾಗಿ ಸೇರಿದವರು ಮರೆತು ಖಂಡಿತ ಎಂದರೆ ಹೆಡ್‌ಮಿಸ್ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು, ಅಷ್ಟು ಸಾಕಿತ್ತು.

ನಾವೆಲ್ಲ ಈ ಕಟ್ಟುಪಾಡನ್ನು ಸಂಜೆ ಚೀಲ ಹೆಗಲಿಗೇರಿಸುವಾಗ ಮೇಜಿನ ಮೇಲೇ ಬಿಟ್ಟು ಹೋಗುತ್ತಿದ್ದೆವು. ತಪ್ಪಣ್ಣ ಮನೆಗೂ ಹೊತ್ತುಕೊಂಡು ಹೋಗುತ್ತಿದ್ದ. ಬಾಗಿಲು ಹಾಕಿದೆಯಾ ಎಂದು ತಾಯಿ ಕೇಳಿದರೆ, ಹಾಕಿದ್ದು ನೆನಪಿದೆ ಎನ್ನುತ್ತಿದ್ದ. ಅವನಿಗೆ ಒಂದು ಹೆಣ್ಣು ನೋಡಿದ್ದರು. ಹುಡುಗಿಯ ಸೋದರಮಾವ, ಕುಡಿತ ಗಿಡಿತ ಏನಾದರೂ ಉಂಟೇನಪ್ಪ ಎಂದು ನಗುತ್ತಲೇ ಕೇಳಿದರಂತೆ. ಇವನು ಯೋಚನೆ ಮಾಡಿ ‘ಇದುವರೆಗೆ ಕಂಡುಬಂದಿಲ್ಲ’ ಎಂದನಂತೆ. ಸಂಬಂಧ ಅಲ್ಲಿಗೇ ಮುರಿದುಬಿತ್ತು. ಇದನ್ನು ಆಫೀಸಿನಲ್ಲಿ ಹೇಳಿ ನಮ್ಮನ್ನೆಲ್ಲ ನಗಿಸಿದವಳು ಅವನ ಅಕ್ಕ.

ಅಕ್ಕ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ರಜೆಯ ದಿನ ನಮ್ಮಲ್ಲಿಗೆ ಬಂದರೆ ಎಲ್ಲರ ಮೇಜಿಗೂ ಹೋಗಿ, ಕಣ್ಣು ಕೆಂಪಗಿದ್ದವರಿಗೆ ಯಾವ ಹನಿ ಹಾಕಬೇಕು, ಬೆನ್ನು ಹಿಡಿದವರು ಹೇಗೆ ಕೂರಬೇಕು ಎಂದು ಹೇಳಿ ಹೋಗುತ್ತಿದ್ದಳು. ತಂದೆ ಬೇಗ ಹೋದದ್ದರಿಂದ ತಮ್ಮನನ್ನು ಸಾಕಿದ್ದು ಹೆಚ್ಚುಕಡಿಮೆ ಅವಳೇ. ಅವಳ ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದ. ನಮ್ಮ ಆಫೀಸಿನ ಅರ್ಧ ಜನ ಅವನ ಶಿಷ್ಯರು, ನಾನೂ ಒಬ್ಬಳು. ಎಷ್ಟು ಸಲ ಗೇರು ಕಿರುಚಿದರೂ ಅವನ ದನಿ ಏರುತ್ತಿರಲಿಲ್ಲ. ಪರವಾಗಿಲ್ಲ, ಕ್ಲಚ್ ಒತ್ತಿ, ಮತ್ತೊಮ್ಮೆ, ಎನ್ನುತ್ತಿದ್ದ. ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದು ಅವಳ ಮುಖಕ್ಕೇ ಹೇಳಿದ್ದೆ. ಅವಳು ನಕ್ಕಿರಲಿಲ್ಲ. ಅದು ಆಗ ನನ್ನ ತಲೆಗೆ ಹೋಗಲಿಲ್ಲ.

ಒಂದು ವಾರದಿಂದ ಅವಳು ತಾಯಿಯ ಮನೆಗೆ ಬಂದುಬಿಡುವ ಮಾತಾಡುತ್ತಿದ್ದಳಂತೆ. ಬಂದು ಹೋಗುವುದಲ್ಲ, ಬಂದು ಇರುವುದು. ಯಾಕೆ ಎಂದು ತಾಯಿ ಕೆದಕಲಿಲ್ಲ. ಕಪಾಟಿನ ಒಂದು ಖಾನೆ ಖಾಲಿ ಮಾಡಿ ಒರೆಸಿಟ್ಟರು.

ಆ ದಿನ ಮಧ್ಯಾಹ್ನ ನಾವೆಲ್ಲ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ತಪ್ಪಣ್ಣನಿಗೆ ಅಕ್ಕನ ಫೋನು ಬಂತು. ಅವನು ಒಂದು ಕಿವಿಗೆ ಹೆಡ್‌ಫೋನು, ಇನ್ನೊಂದಕ್ಕೆ ಫೋನು ಇಟ್ಟುಕೊಂಡು, ಕೈಯಲ್ಲಿ ಆಟ ಆಡುತ್ತಲೇ ಹೂಂಗುಟ್ಟಿದ. ಅಮ್ಮನ ಕನ್ನಡಕದ ತಿರುಪು ಬಿದ್ದುಹೋಗಿದೆ, ಸಂಜೆ ಹಾಕಿಸಿಕೊಂಡು ಹೋಗು ಎಂದು ಅವಳು ಹೇಳುತ್ತಿದ್ದಳು. ನಡುವೆ ಭಾವನ ದನಿ ಬಂತು. ‘ಫೋನ್ ಇಡು’ ಎಂದಿತು. ಜೋರಾಗಿ ಅಲ್ಲ, ಕ್ಲಚ್ ಒತ್ತಿ ಎನ್ನುವ ಹಾಗೆ. ಅಕ್ಕ ‘ಇರೋ, ಆಮೇಲೆ ಮಾಡ್ತೀನಿ’ ಎಂದಳು. ಫೋನು ನಿಂತಿತು. ಇದಿಷ್ಟೂ ಅವನು ಆಮೇಲೆ ಪೊಲೀಸರಿಗೆ ಹೇಳಿದ್ದು. ಆಗ ಅವನು ಫೋನು ಪಕ್ಕಕ್ಕಿಟ್ಟು ಅಂಚೆಯವನನ್ನು ಮತ್ತೆ ಕಟಕಟೆಗೆ ಕರೆದ, ನಾನು ಊಟ ಮುಂದುವರಿಸಿದೆ.

ಸಂಜೆಗೆ ಅಕ್ಕನ ಹೆಣ ಸಿಕ್ಕಿತು, ಅವಳ ಮನೆಯ ಮೆಟ್ಟಿಲ ಬುಡದಲ್ಲಿ. ಕಾಲು ಜಾರಿ ಬಿದ್ದಳು ಎಂದುಕೊಂಡರು. ಡಾಕ್ಟರು ಕತ್ತಿನ ಮೇಲೆ ಬೆರಳ ಗುರುತು ನೋಡಿದರು, ಜೀವ ಹೋದದ್ದು ಮಧ್ಯಾಹ್ನವೇ ಎಂದರು. ಬಾಗಿಲು ಒಡೆದಿರಲಿಲ್ಲ, ಒಂದು ಚಮಚವೂ ಕಳುವಾಗಿರಲಿಲ್ಲ. ಗಂಡನನ್ನು ಹಿಡಿದರು. ಅವನು, ನಾನು ಆ ಹೊತ್ತು ಮನೆಯ ಹತ್ತಿರ ಸುಳಿದೂ ಇಲ್ಲ, ಮೈದಾನದಲ್ಲಿ ಕಾರು ಕಲಿಸುತ್ತಿದ್ದೆ ಎಂದ. ಪಾಠದ ಹೊತ್ತಿನಲ್ಲಿ ಫೋನನ್ನು ಕಾರಿನ ಡಬ್ಬದೊಳಗಿಡುವುದು ಅವರ ಸ್ಕೂಲಿನ ನಿಯಮ. ಫೋನೂ ಕಾರೂ ಮೈದಾನದಲ್ಲೇ ಇದ್ದವು. ಕಲಿಯುತ್ತಿದ್ದ ಬ್ಯಾಂಕಿನವನೊಬ್ಬ, ಸಾರ್ ಮರದ ಕೆಳಗೇ ನಿಂತಿದ್ದರು, ಕನ್ನಡಿಯಲ್ಲಿ ಕಾಣುತ್ತಿದ್ದರು, ಖಂಡಿತ, ಎಂದ.

ಆ ಖಂಡಿತದ ಬೆಲೆ ನನಗೆ ಗೊತ್ತು. ನಾನೂ ಆ ಮೈದಾನದಲ್ಲಿ ಕಂಬಗಳ ನಡುವೆ ಹಿಂದಕ್ಕೆ ಕಾರು ಬಿಡುವುದನ್ನು ಕಲಿತವಳು. ಅವನು ನಮ್ಮನ್ನು ಆ ಕೆಲಸಕ್ಕೆ ಹಚ್ಚಿ ಟೀ ಕುಡಿಯಲು ಹೋಗಿಬಿಡುತ್ತಿದ್ದ. ಕಂಬ ತಾಗದಿದ್ದರೆ ಸಾಕೆಂದು ಜೀವ ಕೈಯಲ್ಲಿ ಹಿಡಿದವರಿಗೆ ಮರದ ಕೆಳಗೆ ಗುರು ಇದ್ದರೇನು, ಎಮ್ಮೆ ಇದ್ದರೇನು. ಮನೆಯೂ ಅಲ್ಲಿಂದ ದೂರವಿಲ್ಲ. ಇದನ್ನು ಪೊಲೀಸರಿಗೆ ಹೇಳಿದೆ, ಸರ್ಕಾರಿ ವಕೀಲರಿಗೂ ಹೇಳಿದೆ. ನೀವು ಕಲಿಯುವಾಗ ಟೀ ಕುಡಿಯಲು ಹೋದರೆ ಆ ದಿನವೂ ಹೋದ ಹಾಗಾಯಿತೇ ಎಂದು ಅವರು ಕೇಳಿದರು.  ಅಕ್ಕ ತಮ್ಮನಿಗೆ ಫೋನು ಮಾಡಿದ್ದು ಫೋನ್ ಕಂಪನಿಯವರ ಲೆಕ್ಕದಲ್ಲಿತ್ತು, ಆ ಹೊತ್ತಿಗೆ ಅವಳ ಪಕ್ಕದಲ್ಲಿ ಯಾರಿದ್ದರು ಎಂಬುದು ಇರಲಿಲ್ಲ. ಅದನ್ನು ಕೇಳಿದ್ದು ತಪ್ಪಣ್ಣನ ಕಿವಿ ಒಂದೇ. ಇಡೀ ಕೇಸು ಬಂದು ಅವನ ಆ ಒಂದು ಕಿವಿಯ ಮೇಲೆ ಕೂತಿತು.

ಅಕ್ಕನ ಕಾರ್ಯವೆಲ್ಲ ಮುಗಿಸಿ ಅವನು ಕೆಲಸಕ್ಕೆ ಬಂದ ದಿನ ನಾವೆಲ್ಲ ಎದ್ದು ನಿಂತೆವು. ಯಾಕೆ ನಿಂತೆವೋ, ನಿಂತ ಮೇಲೆ ಏನು ಮಾಡಬೇಕೋ ಯಾರಿಗೂ ತಿಳಿಯಲಿಲ್ಲ. ಹೆಡ್‌ಮಿಸ್ ಅವನನ್ನು ಒಳಗೆ ಕರೆದು, ಕೊಲೆಯ ಆಟ ಬೇಡ, ಹಣ್ಣು ಜೋಡಿಸುವ ಆಟವೊಂದಿದೆ, ಅದನ್ನು ನೋಡು ಎಂದರಂತೆ. ಇದು ಅರ್ಧ ಆಗಿದೆ ಮೇಡಂ, ಮುಗಿಸಿಬಿಡುತ್ತೇನೆ ಎಂದು ಬಂದು ಕೂತ. ಗಡಿಯಾರದ ಮುದುಕ ಮತ್ತೆ ಕೊಲೆಯಾದ. ತಪ್ಪಣ್ಣ ಅವನ ಹೆಣದ ಸುತ್ತ ಸೀಮೆಸುಣ್ಣದ ಗೆರೆಯ ಮೇಲೆ ಓಡಾಡಿ, ಮೂಲೆಯೊಂದರಲ್ಲಿ ಗೆರೆ ತುಂಡಾಗಿದೆ ಎಂದು ವರದಿ ಹಾಕಿದ.

ಅವನು ಅಳಲಿಲ್ಲ. ನನಗೆ ಅದು ಸಹಿಸಲಾಗುತ್ತಿರಲಿಲ್ಲ. ಯಾರಾದರೂ ಅತ್ತರೆ ಏನು ಮಾಡಬೇಕೆಂದು ಗೊತ್ತಿರುತ್ತದೆ, ನೀರು ಕೊಡಬಹುದು, ಬೆನ್ನು ಸವರಬಹುದು. ಇವನು ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಊಟ ಮಾಡುತ್ತಿದ್ದ, ಡಬ್ಬಿ ತೊಳೆದು ಬೋರಲು ಹಾಕುತ್ತಿದ್ದ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, ನಿನಗೇನೂ ಅನಿಸುತ್ತಿಲ್ಲವಾ ಎಂದು. ಕೇಳಿದ್ದಕ್ಕೆ ಅಳೆದು ಉತ್ತರ ಕೊಡುವವನಂತೆ ಅವನು ಹೇಳಿದ.

‘ಕಾಲು ಜೋಮು ಹಿಡಿದಾಗ ಅದರ ಮೇಲೆ ಯಾರಾದರೂ ನಿಂತ್ರೆ ಹೇಗಿರುತ್ತೆ, ಹಾಗಿದೆ. ಭಾರ ಗೊತ್ತಾಗ್ತಿದೆ. ನೋವು ಇನ್ನೂ ಬಂದಿಲ್ಲ.’

ಮನೆಯಲ್ಲೂ ಹಾಗೇ ಅಂತೆ. ತಾಯಿ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದರು. ಅದು ಅವನ ದನಿಯೇ ಅಲ್ಲವೇನೋ? ಹೌದಮ್ಮ ಎಂದು ಇವನು ದಿನವೂ ಹೇಳುತ್ತಿದ್ದ. ಅವರು ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಅವರಿಗೆ ಬದುಕಲು ಆ ಹೌದು ಒಂದೇ ಉಳಿದಿತ್ತು. ಮಗಳು ವಾಪಸು ಬರುವುದಿಲ್ಲ, ಕೊಂದವನು ಒಳಗಿರುತ್ತಾನೆ, ಅಷ್ಟಾದರೂ ಆಗಲಿ ಎಂದು ನನ್ನ ಮುಂದೆಯೂ ಹೇಳಿದ್ದರು.

ಕೇಸು ಕೋರ್ಟಿಗೆ ಬರುವ ಹೊತ್ತಿಗೆ ನಮ್ಮ ಆಟವೂ ಮುಗಿಯುತ್ತ ಬಂದಿತ್ತು. ಉಳಿದದ್ದು ಸೋಲಿನ ದಾರಿ, ಅಂದರೆ ಸರ್ಕಾರಿ ವಕೀಲ ಸೋತು ಕೊಲೆಗಾರ ಬಿಡುಗಡೆಯಾಗುವ ಭಾಗ. ಅದನ್ನು ಪರೀಕ್ಷೆ ಮಾಡಲು ಯಾರಿಗೂ ಮನಸ್ಸಿರುವುದಿಲ್ಲ. ಆಡುವವರೂ ಅದನ್ನು ನೋಡುವುದಿಲ್ಲ, ಸೋತ ಕೂಡಲೇ ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡುತ್ತಾರೆ. ಹಾಗಾಗಿ ನಾನು ಅಲ್ಲಿ ಮೈಗಳ್ಳತನ ಮಾಡಿದ್ದೆ. ಪಾಲುದಾರ ನ್ಯಾಯಾಧೀಶರಿಗೆ ಕೈಮುಗಿಯುತ್ತಾನೆ, ಪರದೆ ಕಪ್ಪಾಗುತ್ತದೆ, ಮುಗಿಯಿತು. ತಪ್ಪಣ್ಣ ಅದನ್ನು ಪೂರ್ತಿ ನೋಡಿದ. ಮಾರನೆಯ ದಿನ ನನ್ನ ಹೆಸರಿಗೆ ಅವನ ವರದಿ ಬಂದಿತ್ತು. ‘ಸತ್ತವನ ಮನೆಯವರು ಈ ದೃಶ್ಯದಲ್ಲಿ ಕಾಣಿಸುವುದಿಲ್ಲ. ಅವರು ಎಲ್ಲಿಗೆ ಹೋದರು?’ ಎಂದಿತ್ತು. ನಾನು ಶೌಚಾಲಯಕ್ಕೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತು ಬಂದೆ. ಆ ದೃಶ್ಯ ಬರೆಯಲು ನನ್ನಿಂದ ಆಗಲಿಲ್ಲ. ಕಪ್ಪು ಪರದೆಯೇ ಉಳಿಯಿತು.

ನಿಜದ ಕೇಸಿನ ಸರ್ಕಾರಿ ವಕೀಲರೆಂದರೆ ಮೂಗು ಕಟ್ಟಿದ, ಭಾರದ ಚೀಲ ಹೊತ್ತ ಹೆಂಗಸು. ಒಳ್ಳೆಯವರು, ಆದರೆ ಅವರ ಚೀಲದಲ್ಲಿ ನಮ್ಮದೊಂದೇ ಕೇಸಿರಲಿಲ್ಲ. ಕೋರ್ಟಿನ ಜಗಲಿಯಲ್ಲಿ ನಿಂತುಕೊಂಡೇ ತಪ್ಪಣ್ಣನಿಗೆ ವಿಷಯ ತಿಳಿಸಿದರು. ಆ ಕಡೆಯ ವಕೀಲರು ಕೇಳುವುದು ಒಂದೇ, ನಿಮಗೆ ಖಾತ್ರಿಯೇ ಎಂದು. ಹೌದು, ಖಾತ್ರಿ ಎಂದುಬಿಡಿ, ಮೇಲೆ ಒಂದು ಅಕ್ಷರ ಸೇರಿಸಬೇಡಿ. ಇವನು ತಲೆಯಾಡಿಸಿದ. ಆ ತಲೆಯಾಟದ ಮೇಲೆ ನನಗೆ ನಂಬಿಕೆ ಬರಲಿಲ್ಲ.

ಹಾಗಾಗಿ ಆಫೀಸಿನಲ್ಲೇ ತಾಲೀಮು ಮಾಡಿಸಿದೆ. ಎಲ್ಲರೂ ಟೀಗೆ ಎದ್ದಾಗ ನಾನು ಎದುರು ಪಕ್ಷದ ವಕೀಲೆಯಾದೆ, ಅವನು ತನ್ನ ತಿರುಗುವ ಕುರ್ಚಿಯಲ್ಲಿ ಸಾಕ್ಷಿಯಾದ. ಮಾತು ಬರೆಯುವುದೇ ನನ್ನ ಹೊಟ್ಟೆಪಾಡು, ನಾಲಿಗೆಗೆ ಏನು ಕಡಿಮೆ. ಆ ದನಿ ಬೇರೆ ಯಾರದಾದರೂ ಆಗಿರಬಹುದಲ್ಲವೇ ಎಂದು ಕೇಳಿದೆ. ಅವನು ಅದು ಭಾವನ ದನಿ ಎಂದ. ಬೇರೆಯವರದು ಆಗಿರಲು ಸಾಧ್ಯವೇ ಇಲ್ಲವೇ ಎಂದೆ. ಅವನು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ.

‘ಅದು ಅವನ ದನಿ ಅಂತ ನನಗೆ ಗೊತ್ತು. ಬೇರೆಯವರದು ಆಗೋಕೆ ಸಾಧ್ಯವೇ ಇಲ್ಲ ಅಂತ ಹೇಳ್ಬೇಕಾದ್ರೆ ಬೇರೆ ಎಲ್ಲರ ದನೀನೂ ಕೇಳಿರ್ಬೇಕಲ್ವಾ?’ ಎಂದ.

ನನಗೆ ಕಪಾಳಕ್ಕೆ ಬಾರಿಸಬೇಕೆನಿಸಿತು. ಅಡ್ಡಗೋಡೆಯ ಮೇಲೆ ದೀಪ ಇಡುವ ಹೊತ್ತಲ್ಲ ಇದು ಎಂದು ಬೈದೆ. ಇದು ಆಟವಲ್ಲ, ಮತ್ತೆ ಮೊದಲಿನಿಂದ ಶುರು ಮಾಡಲು ಬರುವುದಿಲ್ಲ ಎಂದೆ. ಗೊತ್ತು ಎಂದ. ನಿನ್ನ ಅಕ್ಕ ಎಂದೆ. ಗೊತ್ತು ಎಂದ. ಆಮೇಲೆ ನಾನು ಕೇಳಿದ್ದಕ್ಕೆಲ್ಲ ಸಾಧ್ಯವೇ ಇಲ್ಲ, ಸಾಧ್ಯವೇ ಇಲ್ಲ ಎಂದು ಶಾಲೆಯ ಮಗ್ಗಿಯಂತೆ ಹೇಳಿ ತೋರಿಸಿದ. ಹೇಳುವಾಗ ಅವನ ಕಣ್ಣು ಹೆಡ್‌ಮಿಸ್ ಕೋಣೆಯ ಕಡೆಗೆ ಹೋಗುತ್ತಿತ್ತು. ಅಭ್ಯಾಸ. ನಗು ಬಂತು, ಸಂಕಟವೂ ಆಯಿತು.

ಸಾಕ್ಷಿಯ ದಿನ ಅವನ ತಾಯಿಯ ಜೊತೆ ನಾನೂ ಹೋದೆ. ನಿಜವಾದ ಕೋರ್ಟು ನಮ್ಮ ಆಟದ ಕೋರ್ಟಿಗಿಂತ ಚಿಕ್ಕದು. ನಮ್ಮ ಚಿತ್ರಗಾರರು ಎತ್ತರದ ಕಂಬ, ಬಣ್ಣದ ಗಾಜು ಎಲ್ಲ ಹಾಕಿದ್ದರು. ಇಲ್ಲಿ ಒಂದು ಫ್ಯಾನು, ಸುಣ್ಣ ಉದುರುವ ಗೋಡೆ, ಕಾಲು ಕುಂಟುವ ಬೆಂಚು. ಯಾರೂ ಮೇಜು ಗುದ್ದಿ ಕೂಗಲಿಲ್ಲ. ಸದ್ದಿದ್ದರೆ ಬೆರಳಚ್ಚಿನವಳ ಕೀಲಿಮಣೆಯದು. ಆರೋಪಿಯ ಜಾಗದಲ್ಲಿ ನಮ್ಮ ಡ್ರೈವಿಂಗ್ ಗುರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. ನನ್ನನ್ನು ನೋಡಿ ಪರಿಚಯದ ನಗೆ ನಕ್ಕ. ನನ್ನ ಕೆನ್ನೆ ತಾನಾಗಿಯೇ ನಗಲು ಹೊರಟಿತ್ತು, ತಡೆದುಕೊಂಡೆ.

ಬ್ಯಾಂಕಿನವನ ಸಾಕ್ಷಿ ಮೊದಲು ಆಯಿತು. ಅವನು ಕನ್ನಡಿ, ಮರ, ಸಾರ್ ಎಲ್ಲವನ್ನೂ ಎದುರಿಗೇ ಇಟ್ಟ ಹಾಗೆ ಹೇಳಿದ. ಸರ್ಕಾರಿ ವಕೀಲರು ಮೂಗೊರೆಸಿಕೊಳ್ಳುತ್ತ ಎಷ್ಟು ಕೇಳಿದರೂ ಖಂಡಿತ ಎಂಬ ಮಾತಿನಿಂದ ಕದಲಲಿಲ್ಲ. ಅವನು ಸುಳ್ಳ ಎಂದು ನಾನು ಹೇಳುವುದಿಲ್ಲ. ಹಿಂದಕ್ಕೆ ಕಾರು ಬಿಡುವವನ ಕನ್ನಡಿಯಲ್ಲಿ ಕಂಬ ಬಿಟ್ಟು ಬೇರೇನೂ ಇರುವುದಿಲ್ಲ ಎಂಬುದನ್ನು ಅವನೇ ಮರೆತಿದ್ದ, ಅಷ್ಟೆ. ಖಂಡಿತ ಎನ್ನಲು ಕೆಲವರಿಗೆ ಏನೂ ಬೇಕಾಗುವುದಿಲ್ಲ.

ಆಮೇಲೆ ತಪ್ಪಣ್ಣ ಸಾಕ್ಷಿಯ ಕಟಕಟೆ ಹತ್ತಿದ. ಫೋನು ಬಂದದ್ದು, ಕನ್ನಡಕದ ತಿರುಪು, ಭಾವನ ದನಿ, ಅಕ್ಕನ ಕೊನೆಯ ಮಾತು ಎಲ್ಲವನ್ನೂ ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಹೇಳಿದ. ಅಕ್ಕನ ಮಾತು ಹೇಳುವಾಗಲೂ ದನಿ ನಡುಗಲಿಲ್ಲ. ನ್ಯಾಯಾಧೀಶರು ಒಮ್ಮೆ ತಲೆಯೆತ್ತಿ ಅವನ ಮುಖ ನೋಡಿದರು. ಅತ್ತಿದ್ದರೆ ಒಳ್ಳೆಯದಿತ್ತೇನೋ ಎಂದು ನನಗೆ ಭಯವಾಯಿತು.

ಎದುರು ಪಕ್ಷದ ವಕೀಲರು ವಯಸ್ಸಾದವರು, ತಣ್ಣಗೆ ಮಾತಾಡುವವರು. ಮೊಮ್ಮಗನನ್ನು ಮಾತಾಡಿಸುವ ಹಾಗೆ ಅವನ ಕೆಲಸದ ವಿಚಾರ ಕೇಳಿದರು. ತಪ್ಪು ಹುಡುಕುವುದು ನಿಮ್ಮ ಕೆಲಸವೇ? ಒಳ್ಳೆಯ ಕೆಲಸ. ಮನುಷ್ಯ ಎಷ್ಟು ಸುಲಭವಾಗಿ ತಪ್ಪುತ್ತಾನೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಫೋನು ಬಂದಾಗ ಇನ್ನೊಂದು ಕಿವಿಯಲ್ಲಿ ಏನಿತ್ತು? ಆಟದ ಸದ್ದು ಎಂದ. ಆಟದಲ್ಲಿ ಗಂಡಸರ ದನಿ ಇದೆಯೇ? ಇದೆ ಎಂದ. ಪರೀಕ್ಷೆ ಮಾಡಿದ ಮೇಲೆ ಇದು ಕೆಡುವ ಸಾಧ್ಯತೆಯೇ ಇಲ್ಲ ಎಂದು ನೀವು ಯಾವತ್ತಾದರೂ ಬರೆದುಕೊಟ್ಟದ್ದುಂಟೇ? ಇಲ್ಲ ಎಂದ. ಯಾಕೆ ಎಂದು ಕೇಳಿದರು. ಹಾಗೆ ಯಾರೂ ಹೇಳೋಕಾಗಲ್ಲ ಸಾರ್ ಎಂದ. ಸರ್ಕಾರಿ ವಕೀಲರು ಚೀಲದಿಂದ ತಲೆಯೆತ್ತಿದರು. ಮುದುಕರು ಕೊನೆಯದನ್ನು ಕೇಳಿದರು.

‘ಹಾಗಾದರೆ ಯೋಚನೆ ಮಾಡಿ ಹೇಳಿ. ಆ ದಿನ ಫೋನಿನಲ್ಲಿ ಕೇಳಿದ ದನಿ ನಿಮ್ಮ ಭಾವನದಲ್ಲದೆ ಬೇರೆಯವರದು ಆಗಿರೋ ಸಾಧ್ಯತೆ ಇಲ್ಲವೇ ಇಲ್ಲ ಅಂತೀರಾ?’

 ಮಗ್ಗಿ ಹೇಳು, ಮಗ್ಗಿ ಹೇಳು ಎಂದು ಒಳಗೊಳಗೇ ಕೂಗಿಕೊಂಡೆ. ತಪ್ಪಣ್ಣ ನಿಜಕ್ಕೂ ಯೋಚನೆ ಮಾಡಿದ. ಅವನ ಮುಖ ನನಗೆ ಗೊತ್ತು, ಕೆಲಸದ ಮುಖ ಅದು. ಹೇಳಿದವರು ವಕೀಲರೋ ಹೆಡ್‌ಮಿಸ್ಸೋ, ಯೋಚನೆ ಮಾಡಿ ಹೇಳು ಎಂದರೆ ಅವನಿಗೆ ಗೊತ್ತಿರುವುದು ಅದೊಂದೇ ಬಗೆಯ ಯೋಚನೆ.

‘ಇಲ್ಲವೇ ಇಲ್ಲ ಅನ್ನೋಕಾಗಲ್ಲ’ ಎಂದ.

ಬೆರಳಚ್ಚಿನವಳು ಅದನ್ನು ಕುಟ್ಟಿದಳು. ಮುದುಕರು ಥ್ಯಾಂಕ್ಸ್ ಹೇಳಿ ಕೂತರು. ಸರ್ಕಾರಿ ವಕೀಲರು ಎದ್ದು, ಅದು ನಿಮ್ಮ ಭಾವನ ದನಿ ಎಂದು ನೀವು ನಂಬುತ್ತೀರಾ ಎಂದು ಕೇಳಿದರು. ನಂಬುತ್ತೇನೆ ಎಂದ. ನಮ್ಮ ಆಟದಲ್ಲಾದರೆ ಇಂಥ ಕಡೆ ‘ಒತ್ತಿ ಕೇಳು’ ಎಂಬ ಗುಂಡಿ ಇದೆ. ಒತ್ತುತ್ತ ಹೋದರೆ ಸಾಕ್ಷಿ ಬೆವರಿ, ತಡವರಿಸಿ, ಕೊನೆಗೆ ಗಟ್ಟಿಯಾಗಿ ಹೇಳಿಬಿಡುತ್ತಾನೆ. ನಾನೇ ಬರೆದದ್ದು ಅದನ್ನೆಲ್ಲ. ಇಲ್ಲಿ ಅವರು ಇನ್ನೊಂದು ಪ್ರಶ್ನೆ ಕೇಳಿದರು, ಅದು ಆಗಲೇ ಕೇಳಿದ್ದು ಎಂದು ನ್ಯಾಯಾಧೀಶರು ತಡೆದರು. ಇಳಿಯಬಹುದು ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಅವನ ಜೊತೆ ಮಾತಾಡಲಿಲ್ಲ. ಬಾಯಿ ತೆರೆದರೆ ಏನು ಬರುತ್ತದೋ ಎಂಬ ಹೆದರಿಕೆ. ತಾಯಿ ಕಿಟಕಿಯ ಆಚೆ ನೋಡುತ್ತಿದ್ದರು. ತಾನು ಏನು ಮಾಡಿದೆ ಎಂದು ಅವನಿಗೆ ಗೊತ್ತಾಗಿರಲೇ ಇಲ್ಲ. ಇಳಿಯುವ ಮೊದಲು ನನ್ನ ಕಡೆ ಬಾಗಿ, ಎಲ್ಲ ಸರಿಯಾಗಿ ಹೇಳಿದೆ ಅಲ್ಲವಾ ಎಂದು ಕೇಳಿದ.

ಅಂದಿನಿಂದ ಅವನ ತಾಯಿ ದಿನದ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರಂತೆ. ಮಿಕ್ಕಂತೆ ಎಲ್ಲ ಮೊದಲಿನ ಹಾಗೇ, ತಟ್ಟೆ ಹಾಕುತ್ತಾರೆ, ದೀಪ ಆರಿಸುತ್ತಾರೆ ಎಂದು ಅವನು ಹೇಳಿದ. ನಮ್ಮ ಆಟ ಮಾರುಕಟ್ಟೆಗೆ ಹೋಯಿತು, ಎಲ್ಲೂ ಕೆಡಲಿಲ್ಲ. ಹೆಡ್‌ಮಿಸ್ ಎಲ್ಲರ ಎದುರಿಗೆ ತಪ್ಪಣ್ಣನ ಕೆಲಸ ಹೊಗಳಿದರು. ನಾವು ಚಪ್ಪಾಳೆ ತಟ್ಟಿದೆವು. ಅವನೂ ತಟ್ಟಿದ.

ತೀರ್ಪಿನ ದಿನ ಮೂವರೂ ಅದೇ ಕುಂಟು ಬೆಂಚಿನ ಮೇಲೆ ಕೂತೆವು. ನ್ಯಾಯಾಧೀಶರು ಓದಿದ್ದು ಹೆಚ್ಚು ಹೊತ್ತಲ್ಲ. ಕೊಲೆ ನಡೆದದ್ದು ನಿಜ. ಆರೋಪಿ ಆ ಹೊತ್ತು ಬೇರೆಡೆ ಇದ್ದನೆಂದು ಒಬ್ಬ ಸಾಕ್ಷಿ ಖಚಿತವಾಗಿ ಹೇಳಿದ್ದಾನೆ. ಮನೆಯಲ್ಲಿದ್ದನೆಂದು ಹೇಳುವ ಏಕೈಕ ಸಾಕ್ಷಿಯೇ, ಮೃತಳ ಸ್ವಂತ ತಮ್ಮನೇ, ಆ ದನಿ ಬೇರೆಯವರದಾಗಿರಲಾರದು ಎನ್ನಲು ಸಿದ್ಧನಿಲ್ಲ. ಹೀಗಿರುವಾಗ ಸಂಶಯದ ಲಾಭ ಆರೋಪಿಗೆ ಸಲ್ಲಬೇಕು. ಬಿಡುಗಡೆ. ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಎಂದು ಗಾದೆ ಕಟ್ಟಿದವರು ಕೋರ್ಟಿನ ಮೆಟ್ಟಿಲು ಹತ್ತಿರಲಿಕ್ಕಿಲ್ಲ. ಆರೋಪಿ ಕೈಮುಗಿದ. ಅವನ ಅಣ್ಣತಮ್ಮಂದಿರು ಬಂದು ಅಪ್ಪಿಕೊಂಡು ಕರೆದುಕೊಂಡು ಹೋದರು. ನಮ್ಮ ಮುಂದೆ ಹಾದು ಹೋಗುವಾಗ, ಅತ್ತೆಗೆ ದಾರಿ ಬಿಡುವಂತೆ, ಒಂದು ಹೆಜ್ಜೆ ಸರಿದು ನಡೆದ.

ಜಗಲಿಗೆ ಬಂದೆವು. ಮುಂದಿನ ಕೇಸಿನ ಜನ ಆಗಲೇ ಒಳಗೆ ನುಗ್ಗುತ್ತಿದ್ದರು. ತಾಯಿ ಕಂಬಕ್ಕೆ ಒರಗಿ ನಿಂತರು. ಇಷ್ಟು ದಿನ ಸಾಕ್ಷಿಯ ವಿಚಾರ ಒಂದು ಮಾತೂ ಆಡದಿದ್ದವರು ಆಗ ಆಡಿದರು. ಮಗನ ಮುಖ ನೋಡಿ ಅಲ್ಲ, ಎದುರಿನ ಬಯಲು ನೋಡಿಕೊಂಡು, ಬೈಯದೆ, ಲೆಕ್ಕ ಒಪ್ಪಿಸುವ ಹಾಗೆ.

‘ಆ ಫೋನು ನನಗೆ ಬಂದಿದ್ರೆ, ದನಿ ಕೇಳಿಸದಿದ್ರೂ ಕೇಳಿಸ್ತು ಅಂತಿದ್ದೆ. ಅವನದೇ ಅಂತಿದ್ದೆ. ನನ್ನ ಮಗಳಿಗೋಸ್ಕರ ಸುಳ್ಳೇ ಹೇಳ್ತಿದ್ದೆ.’

 ತಪ್ಪಣ್ಣನ ಮುಖದಲ್ಲಿ ಕೆಲಸದ ಯೋಚನೆ ಬಂತು, ನಿಧಾನವಾಗಿ, ಹಿಂದಿನಿಂದ ಒಂದೊಂದೇ ಹೆಜ್ಜೆ ನೋಡುತ್ತ ಬರುವಂತೆ. ನಾನು ನೋಡುತ್ತಲೇ ಇದ್ದೆ. ಯೋಚನೆ ಕೊನೆಗೆ ತಲುಪಿದ್ದು ಅವನ ತುಟಿಯಲ್ಲಿ ಗೊತ್ತಾಯಿತು. 

‘ಸುಳ್ಳು ಬೇಕಿರ್ಲಿಲ್ಲಮ್ಮ’ ಎಂದ. ‘ಅದು ಅವನೇ. ನಿಜಾನೇ ಸಾಕಾಗಿತ್ತು.’

ಅಷ್ಟು ಹೇಳಿ ಅವನು ಅತ್ತ. ಮುಖ ಮುಚ್ಚಿಕೊಳ್ಳಲೂ ತಿಳಿಯದೆ, ಹೋಗಿಬರುವ ಜನರ ಮಧ್ಯೆ ನಿಂತು, ಬಾಯಿ ತೆರೆದು ಅತ್ತ. ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಬೆನ್ನು ಸವರಲು ಕೈ ಎತ್ತಿದೆ, ಆದರೆ ಆ ಕೈ ಅವನ ತಾಯಿಯದಾಗಬೇಕಿತ್ತು ಎನಿಸಿ ಅಲ್ಲೇ ನಿಂತೆ. ತಾಯಿ ಅವನು ಅತ್ತು ಮುಗಿಸುವವರೆಗೆ ಕಾದರು. ಆಮೇಲೆ ಹೊತ್ತಾಯಿತು, ಬಸ್ಸು ತಪ್ಪುತ್ತದೆ ಎಂದರು. ಮೆಟ್ಟಿಲು ಎತ್ತರದವು. ಇಳಿಸಲು ಅವನು ಕೈ ಚಾಚಿದ. ಅವರು ನನ್ನ ತೋಳು ಹಿಡಿದುಕೊಂಡು ಇಳಿದರು.